ಗಾಯಗೊಂಡವರೇ ದಾರಿ ತೋರಿದರು
(ಸಂತ ಇಗ್ನಾಸಿಯವರ ಹಬ್ಬದ ಚಿಂತನೆ)



ಜುಲೈ 31 ಸಂತ ಇಗ್ನಾಸಿಯವರ ಹಬ್ಬ. ನಮ್ಮ ಹಿರಿಯರ ಬಾಯಲ್ಲಿ ಪೇತ್ರರು ರಾಯಪ್ಪನವರಾದರು, ಪೌಲರು ಚಿನ್ನಪ್ಪನವರಾದರು, ಇಗ್ನಾಸಿಯವರು ಇನ್ನಾಸಪ್ಪನವರಾದರು. ಇನ್ನಾಸಪ್ಪ, ಇನ್ನಾಸಮ್ಮ ಎಂಬ ಹೆಸರಿನ ಅಜ್ಜ ಅಜ್ಜಿಯರು ನಮ್ಮ ಕುಟುಂಬಗಳಲ್ಲಿ ಎಷ್ಟೋ ಮಂದಿ ಇದ್ದರು, ಈಗಲೂ ಇದ್ದಾರೆ. ಹೆಸರು ನಮ್ಮದಾಯಿತು, ಆದರೆ ಆ ಹೆಸರಿನ ಹಿಂದಿರುವ ಮನುಷ್ಯನ ಕಥೆ ನಮ್ಮದಾಯಿತೇ? ಈ ಪ್ರಶ್ನೆ ನಮ್ಮಲ್ಲಿ ಹುಟ್ಟಿದ್ದು ಒಬ್ಬ ಯುವಕನಿಂದ.

ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಎಲ್ಲರೂ ಹೊರಟುಹೋದರೂ ಅವನು ಬಾಗಿಲ ಬಳಿಯೇ ನಿಂತಿದ್ದ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವನು. 2020ರಲ್ಲಿ ಕೆಲಸ ಹೋಯಿತು. ಮರುವರ್ಷ ಕೊರೋನಾ ತಂದೆಯನ್ನು ಕೊಂಡೊಯ್ದಿತು. ಊರಿಗೆ ಬಂದವನು ಎರಡು ವರ್ಷ ಮನೆಯಿಂದ ಹೊರಗೆ ಬರಲಿಲ್ಲ. ಆಮೇಲೆ ಗೆಳೆಯರೊಬ್ಬರ ಮಾತು ಕೇಳಿ ನಾಯಕತ್ವ ತರಬೇತಿಯ ಒಂದು ಶಿಬಿರಕ್ಕೆ ಸೇರಿದ. ಅಲ್ಲಿ ಬೆಳಿಗ್ಗೆ ಕಣ್ಣು ಮುಚ್ಚಿ ಕುಳಿತು ಉಸಿರನ್ನು ಗಮನಿಸುವುದನ್ನೂ, ಮನಸ್ಸಿನಲ್ಲಿ ಏಳುವುದನ್ನು ಗದರದೆ ನೋಡುವುದನ್ನೂ ಕಲಿಸಿದರಂತೆ. "ಸ್ವಾಮಿ, ಮೂರು ವರ್ಷದಲ್ಲಿ ಮೊದಲ ಸಲ ನಿದ್ದೆ ಬಂತು. ಈಗ ನಾನೂ ಅದನ್ನು ಬೇರೆಯವರಿಗೆ ಹೇಳಿಕೊಡಬೇಕು ಅಂತ ಆಸೆ. ಆದರೆ ಇದು ನಮ್ಮ ಧರ್ಮಕ್ಕೆ ಒಪ್ಪುತ್ತದಾ? ನನ್ನ ಕಷ್ಟವನ್ನೇ ಬಂಡವಾಳ ಮಾಡಿಕೊಂಡು ಬದುಕಿದ ಹಾಗೆ ಆಗುವುದಿಲ್ವಾ?" ಎಂದು ಕೇಳಿದ.

ಮೊದಲ ಪ್ರಶ್ನೆಗೆ ನಾವು ಸುಲಭವಾಗಿ ಉತ್ತರ ಹೇಳಬಹುದಿತ್ತು. ಎರಡನೆಯ ಪ್ರಶ್ನೆ ನಮ್ಮನ್ನು ತಡೆದು ನಿಲ್ಲಿಸಿತು. "ಇನ್ನಾಸಪ್ಪನವರ ಹಬ್ಬದ ದಿನ ಬಾ ಮಗ, ಮಾತಾಡೋಣ" ಎಂದು ಕಳುಹಿಸಿದೆವು. ಅಂದು ಅವನಿಗೆ ಹೇಳಿದ್ದನ್ನೇ, ಅವನ ಒಪ್ಪಿಗೆ ಪಡೆದು, ಹೆಸರು ಹೇಳದೆ ಇಲ್ಲಿ ಬರೆಯುತ್ತಿದ್ದೇವೆ.

ಹಾಸಿಗೆ ಹಿಡಿದ ಸೈನಿಕ

ಇಗ್ನಾಸಿಯವರು ಹುಟ್ಟಿದ್ದು 1491ರಲ್ಲಿ, ಸ್ಪೇನ್ ದೇಶದ ಬಾಸ್ಕ್ ಸೀಮೆಯ ಲೊಯೋಲದಲ್ಲಿ. ಆಗಿನ ಹೆಸರು ಇನಿಗೊ. ಶ್ರೀಮಂತ ಮನೆತನ, ಕತ್ತಿವರಸೆ, ಒಳ್ಳೆಯ ಉಡುಪು, ಹೆಸರು ಗಳಿಸುವ ಹಂಬಲ; ಮೂವತ್ತು ವರ್ಷದವರೆಗೆ ಅವರ ಬದುಕು ಇಷ್ಟೇ. 1521ರ ಮೇ 20ರಂದು ಪಾಂಪ್ಲೋನ ಕೋಟೆಯ ಮೇಲೆ ಫ್ರೆಂಚರ ದಾಳಿ ನಡೆದಾಗ ಒಂದು ಫಿರಂಗಿ ಗುಂಡು ಅವರ ಬಲಗಾಲನ್ನು ಪುಡಿಮಾಡಿತು, ಎಡಗಾಲಿಗೂ ಗಾಯವಾಯಿತು. ಗೆದ್ದ ಶತ್ರುಗಳೇ ಅವರನ್ನು ಡೋಲಿಯಲ್ಲಿ ಹೊರಿಸಿ ಮನೆಗೆ ಕಳುಹಿಸಿದರು.

ಮೂಳೆ ಸರಿಯಾಗಿ ಕೂಡಿಕೊಳ್ಳಲಿಲ್ಲ. ಮತ್ತೆ ಮುರಿದು ಕೂಡಿಸಿದರು. ಅರಿವಳಿಕೆಯ ಔಷಧಿ ಇಲ್ಲದ ಕಾಲ ಅದು. ವಾಸಿಯಾದ ಮೇಲೂ ಮೊಣಕಾಲ ಕೆಳಗೆ ಒಂದು ಮೂಳೆ ಉಬ್ಬಿ ನಿಂತಿತು. ಬಿಗಿಯಾದ ಬೂಟು ಹಾಕಲು ಅದು ಅಡ್ಡಿಯಾಗುತ್ತದೆಂದು ಅದನ್ನು ಗರಗಸದಿಂದ ಕೊಯ್ಯಿಸಿಕೊಂಡರು! ಸಾವಿನ ಬಾಗಿಲಿಗೆ ಹೋಗಿ ಬಂದ ಮೇಲೂ ಮನಸ್ಸು ಬೂಟಿನ ಮೇಲೆಯೇ ಇತ್ತು. ಪ್ರಿಯರೇ, ಇದನ್ನು ಗಮನಿಸಿ. ಕಷ್ಟ ಬಂದ ಮಾತ್ರಕ್ಕೆ ಯಾರೂ ಸಂತರಾಗುವುದಿಲ್ಲ. ನೋವು ತಾನಾಗಿಯೇ ಯಾರಿಗೂ ಪಾಠ ಹೇಳುವುದಿಲ್ಲ. ಕಷ್ಟದಿಂದ ಮೆತ್ತಗಾದವರನ್ನು ಕಂಡಷ್ಟೇ, ಕಷ್ಟದಿಂದ ಕಹಿಯಾದವರನ್ನೂ ನಾವು ನಮ್ಮ ಧರ್ಮಕೇಂದ್ರಗಳಲ್ಲಿ ಕಂಡಿದ್ದೇವೆ.

ಹಾಗಾದರೆ ಲೊಯೋಲದ ಆ ಕೋಣೆಯಲ್ಲಿ ನಡೆದದ್ದೇನು? ಹೊತ್ತು ಹೋಗದೆ ಅವರು ವೀರರ ಪ್ರಣಯದ ಕಥೆಗಳನ್ನು ಓದಲು ಕೇಳಿದರು. ಮನೆಯಲ್ಲಿ ಅಂಥ ಪುಸ್ತಕ ಇರಲಿಲ್ಲ. ಸಿಕ್ಕಿದ್ದು ಸ್ಯಾಕ್ಸನಿಯ ಲುಡಾಲ್ಫರು ಬರೆದ ಕ್ರಿಸ್ತಚರಿತ್ರೆ ಮತ್ತು ಸಂತರ ಕಥೆಗಳ ಒಂದು ಗ್ರಂಥ. ಬೇಸರದಿಂದಲೇ ತೆರೆದರು. ಓದುವುದನ್ನು ನಿಲ್ಲಿಸಿದಾಗ ಮನಸ್ಸು ಹಗಲುಗನಸು ಕಾಣುತ್ತಿತ್ತು. ಒಮ್ಮೆ ಒಬ್ಬ ದೊಡ್ಡ ಮನೆತನದ ಸ್ತ್ರೀಯ ಮುಂದೆ ಸಾಹಸ ಮೆರೆಯುವ ಕನಸು. ಇನ್ನೊಮ್ಮೆ ಸಂತ ಫ್ರಾನ್ಸಿಸರ ಹಾಗೆ, ಸಂತ ದೊಮಿನಿಕರ ಹಾಗೆ ಬದುಕುವ ಕನಸು. ಕಾಣುವಾಗ ಎರಡೂ ಸಿಹಿಯೇ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿ ನಿಲ್ಲುತ್ತಿತ್ತು. ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು.

ಒಂದು ದಿನ ಈ ವ್ಯತ್ಯಾಸ ಅವರ ಗಮನಕ್ಕೆ ಬಂತು. ಅಷ್ಟೇ ನಡೆದದ್ದು. ದರ್ಶನವಲ್ಲ, ಆಕಾಶವಾಣಿಯಲ್ಲ. ತನ್ನ ಮನಸ್ಸಿನಲ್ಲಿ ಏನು ಬಂದು ಏನು ಹೋಗುತ್ತಿದೆ ಎಂದು ಹಾಸಿಗೆ ಹಿಡಿದ ಮನುಷ್ಯ ಸುಮ್ಮನೆ ಗಮನಿಸಿದ. ಮುಂದಿನ ಎಲ್ಲವೂ ಆ ಗಮನದಿಂದಲೇ ಹುಟ್ಟಿತು.

ಮನ್ರೇಸದ ಕತ್ತಲೆ

1522ರಲ್ಲಿ ಅವರು ಕುಂಟುತ್ತಲೇ ಮನೆ ಬಿಟ್ಟರು. ಮೊಂತ್ಸೆರಾತ್ ಬೆಟ್ಟದಲ್ಲಿ ಮಾತೆ ಮರಿಯಮ್ಮನವರ ಪೀಠದ ಮುಂದೆ ಇಡೀ ರಾತ್ರಿ ಜಾಗರಣೆ ಮಾಡಿ ಕತ್ತಿಯನ್ನು ಅಲ್ಲೇ ಇಟ್ಟರು. ಅಲ್ಲಿಂದ ಮನ್ರೇಸ ಎಂಬ ಸಣ್ಣ ಊರಿಗೆ ಬಂದು ಸುಮಾರು ಹನ್ನೊಂದು ತಿಂಗಳು ಉಳಿದರು.

ಮೊದಲು ಸಮಾಧಾನ, ಆಮೇಲೆ ಭಯಂಕರ ಕತ್ತಲೆ. ಪಾಪನಿವೇದನೆ ಮಾಡಿದ ಮೇಲೂ ಏನೋ ಬಿಟ್ಟುಹೋಯಿತೆಂಬ ಸಂಶಯ. ಮತ್ತೆ ನಿವೇದನೆ, ಮತ್ತೆ ಸಂಶಯ. ಕೋಣೆಯಲ್ಲಿದ್ದ ಒಂದು ಗುಂಡಿಗೆ ಹಾರಿ ಜೀವ ಬಿಡಬೇಕೆಂಬ ಯೋಚನೆಯೂ ಬಂದದ್ದುಂಟು. ಮುಪ್ಪಿನಲ್ಲಿ ತಮ್ಮ ಕಥೆ ಹೇಳಿಸಿದಾಗ ಅವರು ಇದನ್ನು ಮುಚ್ಚಿಡಲಿಲ್ಲ. ನಮ್ಮ ಮನೆಗಳಲ್ಲಿ ಇಂಥ ಯೋಚನೆ ಬಂದವರು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ಒಬ್ಬ ಸಂತರೇ ಇದನ್ನು ಹೇಳಿಕೊಂಡಿದ್ದಾರೆ ಎಂದಾದರೂ ಅವರಿಗೆ ತಿಳಿಯಲಿ. ಹೇಳಿಕೊಂಡವರು ಬದುಕುತ್ತಾರೆ, ಧರ್ಮಗುರುಗಳ ಬಳಿ ಮಾತ್ರವಲ್ಲ, ವೈದ್ಯರ ಬಳಿಯೂ ಹೇಳಿಕೊಳ್ಳಬೇಕು.

ಆ ಕತ್ತಲೆ ಕಳೆದ ಮೇಲೆ ಒಂದು ದಿನ ಕಾರ್ದೊನೇರ್ ನದಿಯ ದಡದಲ್ಲಿ ಕುಳಿತಿದ್ದಾಗ ಅವರಿಗೆ ಎಲ್ಲವೂ ಹೊಸದಾಗಿ ಕಂಡಿತು. ಮನ್ರೇಸದಲ್ಲಿಯೇ ಅವರು ತಮ್ಮ ಅನುಭವವನ್ನು ಟಿಪ್ಪಣಿ ಮಾಡತೊಡಗಿದರು: ಯಾವುದು ಮನಸ್ಸನ್ನು ದೇವರ ಕಡೆಗೆ ತಿರುಗಿಸಿತು, ಯಾವುದು ಕೆಡವಿತು, ಎದ್ದದ್ದು ಹೇಗೆ. ಈ ಟಿಪ್ಪಣಿಗಳೇ ಬೆಳೆದು 'ಅಧ್ಯಾತ್ಮ ಸಾಧನೆಗಳು' ಎಂಬ ಸಣ್ಣ ಪುಸ್ತಕವಾಯಿತು. 1548ರ ಜುಲೈ 31ರಂದು ಜಗದ್ಗುರು ಮೂರನೇ ಪೌಲರು ಅದಕ್ಕೆ ಒಪ್ಪಿಗೆ ಕೊಟ್ಟರು. ಎಂಟು ವರ್ಷದ ನಂತರ, 1556ರಲ್ಲಿ, ಅದೇ ತಾರೀಖಿನಂದು ಇಗ್ನಾಸಿಯವರು ತೀರಿಕೊಂಡರು. ಅದಕ್ಕೇ ಇಂದು ಹಬ್ಬ.

ಉಸಿರಿಗೊಂದು ಮಾತು

ಆ ಪುಸ್ತಕ ಓದುವುದಕ್ಕಲ್ಲ, ಮಾಡುವುದಕ್ಕೆ. ಅಡಿಗೆ ಪುಸ್ತಕ ಓದಿದರೆ ಹೊಟ್ಟೆ ತುಂಬುತ್ತದೆಯೇ? ಸುಮಾರು ಮೂವತ್ತು ದಿನ, ನಾಲ್ಕು ಭಾಗ, ಹೆಚ್ಚು ಮೌನ. ಅಷ್ಟು ದಿನ ಬಿಡುವಿಲ್ಲದ ಸಂಸಾರಿಗಳು ದಿನಕ್ಕೆ ಒಂದೂವರೆ ಗಂಟೆಯಂತೆ ಮನೆಯಲ್ಲಿದ್ದುಕೊಂಡೇ ಮಾಡಬಹುದೆಂದು ಅವರೇ ದಾರಿ ತೋರಿದ್ದಾರೆ. ಅದರಲ್ಲಿ ಎರಡು ಸಂಗತಿಗಳನ್ನು ಆ ಯುವಕನಿಗೆ ತೋರಿಸಿದೆವು.

ಮೊದಲನೆಯದು ಆತ್ಮಶೋಧನೆ. ದಿನದ ಕೊನೆಯಲ್ಲಿ ಮೊದಲು ಕೃತಜ್ಞತೆ ಹೇಳುವುದು. ನೋಡಲು ಬೆಳಕು ಬೇಡುವುದು. ಬೆಳಿಗ್ಗೆಯಿಂದ ಗಂಟೆ ಗಂಟೆಯಾಗಿ ನಡೆದದ್ದನ್ನು ನೆನೆಯುವುದು. ತಪ್ಪಿಗೆ ಕ್ಷಮೆ ಕೇಳುವುದು. ನಾಳೆಗೆ ಒಂದು ನಿರ್ಧಾರ ಮಾಡುವುದು. ಬಿಡಲಾಗದ ಒಂದು ದುರ್ಗುಣವಿದ್ದರೆ ಅದಕ್ಕೆ ಬೇರೆಯೇ ಲೆಕ್ಕ: ವಾರದ ಪ್ರತಿ ದಿನಕ್ಕೂ ಗೆರೆ ಎಳೆದು, ತಪ್ಪಿದಾಗಲೆಲ್ಲ ಒಂದು ಚುಕ್ಕೆ ಇಟ್ಟು, ನಿನ್ನೆಗಿಂತ ಇವತ್ತು ಚುಕ್ಕೆ ಕಡಿಮೆಯಾಯಿತೇ ಎಂದು ನೋಡುವುದು. ನಮ್ಮ ಅಂಗಡಿಯವರು ರಾತ್ರಿ ಬಾಗಿಲು ಹಾಕುವ ಮುಂಚೆ ಲೆಕ್ಕದ ಪುಸ್ತಕ ತೆರೆಯುವುದಿಲ್ಲವೇ, ಹಾಗೆ.

ಎರಡನೆಯದು ಕೇಳಿ ಯುವಕ ಬೆರಗಾದ. ಅವರು ಹೇಳುವ ಪ್ರಾರ್ಥನೆಯ ಮೂರು ಬಗೆಗಳಲ್ಲಿ ಒಂದು ಉಸಿರಿನ ಪ್ರಾರ್ಥನೆ. ಪರಲೋಕ ಮಂತ್ರವನ್ನು ಗಡಿಬಿಡಿಯಿಂದ ಒಪ್ಪಿಸದೆ, ಒಂದೊಂದು ಉಸಿರಿಗೆ ಒಂದೊಂದು ಮಾತನ್ನು ಮಾತ್ರ ಹೇಳುವುದು. ಒಂದು ಉಸಿರಿನಿಂದ ಇನ್ನೊಂದು ಉಸಿರಿನ ನಡುವೆ ಆ ಮಾತಿನ ಅರ್ಥವನ್ನೋ, ಆ ಮಾತು ಯಾರನ್ನು ಕರೆಯುತ್ತದೋ ಅವರನ್ನೋ ನೆನೆಯುವುದು. ಐದು ಶತಮಾನದ ಹಿಂದೆಯೇ ನಮ್ಮ ಧರ್ಮಸಭೆಯ ಮನೆಯಲ್ಲಿ ಈ ಒಡವೆ ಇತ್ತು. ನಾವು ಪೆಟ್ಟಿಗೆಯ ತಳದಲ್ಲಿಟ್ಟು ಮರೆತೆವು.

ಆದರೆ ಎರಡೂ ಒಂದೇ ಎಂದು ನಾವು ಹೇಳುವುದಿಲ್ಲ. ಈಗ ಜಗತ್ತಿನ ಕಚೇರಿ, ಆಸ್ಪತ್ರೆಗಳಲ್ಲಿ ಹಬ್ಬಿರುವ ಮನೋಜಾಗೃತಿಯ ಅಭ್ಯಾಸಕ್ಕೆ ಬೌದ್ಧ ಧ್ಯಾನದ ಬೇರು ಇದೆ. ಜಾನ್ ಕಬಾಟ್ ಜಿನ್ ಎಂಬುವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ, ದೀರ್ಘಕಾಲದ ನೋವಿನಿಂದ ಬಳಲುವವರಿಗಾಗಿ ಅದನ್ನು ಎಂಟು ವಾರದ ತರಬೇತಿಯಾಗಿ ರೂಪಿಸಿದರು. ನೋವಿರುವವರಿಗೆ ಅದರಿಂದ ನೆಮ್ಮದಿ ಸಿಕ್ಕರೆ ನಾವು ಹೊಟ್ಟೆಕಿಚ್ಚು ಪಡಬೇಕಿಲ್ಲ. ವ್ಯತ್ಯಾಸ ಇಷ್ಟು: ಅಲ್ಲಿ ಗಮನವೇ ಮನೆ, ಇಗ್ನಾಸಿಯವರಿಗೆ ಗಮನ ಬಾಗಿಲು. ಬಾಗಿಲು ತೆರೆದ ಮೇಲೆ ಒಳಗೆ ಒಬ್ಬರು ಕಾದಿದ್ದಾರೆ, ಅವರೊಡನೆ ಮಾತಾಡಬೇಕು.

ತಕ್ಕಡಿಯ ಮುಳ್ಳು

ಇನ್ನು ನಾಯಕತ್ವದ ವಿಷಯ. ಜೆರುಸಲೇಮಿಗೆ ಹೋಗಿ, ಅಲ್ಲಿ ಇರಲು ಬಿಡದೆ ವಾಪಸಾದ ಇಗ್ನಾಸಿಯವರು ಮೂವತ್ತು ದಾಟಿದ ವಯಸ್ಸಿನಲ್ಲಿ ಬಾರ್ಸಿಲೋನದಲ್ಲಿ ಚಿಕ್ಕ ಹುಡುಗರ ಪಕ್ಕ ಕುಳಿತು ಲತೀನ್ ಪಾಠ ಕಲಿತರು. 'ಆಳಾಗಬಲ್ಲವನು ಅರಸನಾಗಬಲ್ಲ' ಎಂಬ ಗಾದೆ ನಮ್ಮಲ್ಲಿದೆಯಲ್ಲ! ಓದಿಲ್ಲದವನು ಜನರಿಗೆ ಧ್ಯಾನ ಹೇಳಿಕೊಡುತ್ತಾನೆಂಬ ಅನುಮಾನದಿಂದ ಅಲ್ಕಾಲದಲ್ಲಿ 42 ದಿನ, ಸಲಮಾಂಕದಲ್ಲಿ 22 ದಿನ ಸೆರೆಯಲ್ಲಿಟ್ಟರು. ಅವರು ಗೊಣಗಲಿಲ್ಲ; ಓದು ಬೇಕೆಂದಾದರೆ ಓದೋಣ ಎಂದು 1528ರಲ್ಲಿ ಪ್ಯಾರಿಸಿಗೆ ಹೋದರು.

ಅಲ್ಲಿ ಒಂದೇ ಕೋಣೆಯಲ್ಲಿ ಇಬ್ಬರು ಯುವಕರು ಸಿಕ್ಕರು. ಒಬ್ಬರು ಪೇತ್ರ ಫಾಬರ್, ಕುರಿ ಕಾಯ್ದು ಬೆಳೆದವರು, ಸದಾ ಸಂಶಯದಲ್ಲಿ ನರಳುವವರು. ಇನ್ನೊಬ್ಬರು ಫ್ರಾನ್ಸಿಸ್ ಸವೇರಿಯವರು, ದೊಡ್ಡ ಕನಸಿನ ನವಾರದ ಕುಲೀನರು. ಸವೇರಿಯವರ ಅಣ್ಣಂದಿರು ಪಾಂಪ್ಲೋನದ ಆ ಹೋರಾಟದಲ್ಲಿ ಎದುರು ಪಕ್ಷದವರು! ತನ್ನ ಕಾಲು ಮುರಿದವರ ತಮ್ಮನ ಜೊತೆ ಒಂದೇ ಸೂರಿನ ಕೆಳಗೆ ಇಗ್ನಾಸಿಯವರು ಬದುಕಿದರು. ಮುಂದೆ ಅದೇ ಸವೇರಿಯವರು 1542ರ ಮೇ 6ರಂದು ಗೋವೆಗೆ ಬಂದಿಳಿದರು.

ಫಾಬರರಿಗೆ ಇಗ್ನಾಸಿಯವರು ಸಾಧನೆಗಳನ್ನು ತಕ್ಷಣ ಕೊಡಲಿಲ್ಲ. ಸುಮಾರು ನಾಲ್ಕು ವರ್ಷ ಜೊತೆಗಿದ್ದು, ಕೇಳಿ, ಕಾದು, 1534ರಲ್ಲಿ ಕೊಟ್ಟರು. ನಾಲ್ಕು ವರ್ಷ! ಎರಡು ದಿನದಲ್ಲಿ ನಾಯಕರನ್ನು ತಯಾರು ಮಾಡುತ್ತೇವೆ ಎನ್ನುವ ಫಲಕಗಳನ್ನು ನೋಡುವಾಗ ಇದನ್ನು ನೆನೆಯಬೇಕು. ಸಾಧನೆ ಮಾಡಿಸುವವರಿಗೆ ಅವರು ಬರೆದ ಸೂಚನೆಗಳೂ ಹಾಗೆಯೇ ಇವೆ. ಹೆಚ್ಚು ಮಾತಾಡಬಾರದು, ಒಬ್ಬರು ತಾವೇ ಕಂಡುಕೊಂಡದ್ದು, ನಾವು ವಿವರಿಸಿ ಹೇಳಿದ್ದಕ್ಕಿಂತ ರುಚಿ. ಅವರನ್ನು ಈ ಕಡೆಗೋ ಆ ಕಡೆಗೋ ವಾಲಿಸಬಾರದು. ತಕ್ಕಡಿಯ ಮುಳ್ಳಿನ ಹಾಗೆ ನಡುವೆ ನಿಂತು, ದೇವರೂ ಆ ವ್ಯಕ್ತಿಯೂ ನೇರ ಮಾತಾಡಲು ಬಿಡಬೇಕು. ಮನಸ್ಸು ಕುಸಿದಿರುವಾಗ ಮೊದಲು ಮಾಡಿದ ಒಳ್ಳೆಯ ನಿರ್ಧಾರ ಬದಲಿಸಬಾರದು. ಒಬ್ಬ ಧರ್ಮಗುರುವಾಗಿ ನಮಗೆ ಇದು ಚುಚ್ಚುತ್ತದೆ. ಸಲಹೆ ಕೇಳಿ ಬಂದವರಿಗೆ ಪ್ರಸಂಗ ಮಾಡಿ ಕಳುಹಿಸಿದ ದಿನಗಳು ನಮ್ಮಲ್ಲಿಯೂ ಇವೆ.

'ಕೋಚ್' ಎಂಬ ಮಾತಿನ ಮೂಲವೂ ಸ್ವಾರಸ್ಯವಾಗಿದೆ. ಹಂಗೇರಿಯ ಕೋಚ್ ಎಂಬ ಹಳ್ಳಿಯಲ್ಲಿ ಒಳ್ಳೆಯ ಕುದುರೆಗಾಡಿ ಮಾಡುತ್ತಿದ್ದರು. ಗಾಡಿಗೆ ಊರಿನ ಹೆಸರೇ ಬಂತು. ಹತ್ತೊಂಬತ್ತನೇ ಶತಮಾನದಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು ಪರೀಕ್ಷೆ ದಾಟಿಸುವ ಮೇಷ್ಟರನ್ನು ತಮಾಷೆಗೆ ಹಾಗೆ ಕರೆದರು. ಗಾಡಿಯ ಕೆಲಸ ಪ್ರಯಾಣಿಕರನ್ನು ಅವರ ಊರಿಗೆ ಮುಟ್ಟಿಸುವುದು, ತನ್ನ ಊರಿಗಲ್ಲ.

1540ರಲ್ಲಿ ಯೇಸುಸಭೆಗೆ ಜಗದ್ಗುರುಗಳ ಒಪ್ಪಿಗೆ ಸಿಕ್ಕಿತು. ಮುಂದಿನ ವರ್ಷ ಅದರ ಮುಖ್ಯಸ್ಥರಾದ ಇಗ್ನಾಸಿಯವರು ಉಳಿದ ಬದುಕನ್ನು ರೋಮಿನ ಸಣ್ಣ ಕೋಣೆಗಳಲ್ಲಿ ಪತ್ರ ಬರೆಯುತ್ತಾ ಕಳೆದರು. ಉಳಿದಿರುವ ಪತ್ರಗಳೇ ಏಳು ಸಾವಿರದ ಹತ್ತಿರ. ತೀರಿಕೊಂಡಾಗ ಸಭೆಯಲ್ಲಿ ಸುಮಾರು ಒಂದು ಸಾವಿರ ಮಂದಿ ಇದ್ದರು. ಕುಂಟು ಕಾಲಿನ ಮನುಷ್ಯ ಕುಳಿತಲ್ಲಿಂದಲೇ ಜಗತ್ತಿನ ತುದಿಗೆ ಜನರನ್ನು ನಡೆಸಿದರು.

ನಮ್ಮ ಸೀಮೆಯ ದೊಡ್ಡಸ್ವಾಮಿಯವರು

ಇದೆಲ್ಲ ಸ್ಪೇನ್ ದೇಶದ ಮಾತಾಯಿತು, ನಮ್ಮ ನಾಡಿನಲ್ಲಿ? ಹದಿನೇಳನೇ ಶತಮಾನದ ಮಧ್ಯಭಾಗದಲ್ಲಿ ಯೇಸುಸಭೆಯ ಇಟಲಿಯ ಗುರು ಲಿಯೊನಾರ್ದೊ ಚಿನ್ನಮಿಯವರು ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಸೀಮೆಯಲ್ಲಿ ಧರ್ಮಸೇವೆ ಆರಂಭಿಸಿದರು. ಆದರೆ 1773ರಲ್ಲಿ ಜಗದ್ಗುರು ಹದಿನಾಲ್ಕನೇ ಕ್ಲೆಮೆಂಟರು ಯೇಸುಸಭೆಯನ್ನೇ ರದ್ದು ಮಾಡಿದರು. ಅದು ಮತ್ತೆ ಜೀವ ಪಡೆದದ್ದು 1814ರಲ್ಲಿ. ಆ ನಡುವೆ ಮೈಸೂರಿನ ಕ್ರೈಸ್ತರ ಹೊಣೆ ಪ್ಯಾರಿಸ್ ವಿದೇಶ ಧರ್ಮಪ್ರಚಾರ ಸಂಸ್ಥೆಯ ಫ್ರೆಂಚ್ ಗುರುಗಳ ಮೇಲೆ ಬಿತ್ತು. ಅವರಲ್ಲೊಬ್ಬರು ಅಬ್ಬೆ ದ್ಯುಬುವಾ. ಯೇಸುಸಭೆಯವರಲ್ಲ, ಆದರೆ ನಮ್ಮ ಯುವಕನ ಪ್ರಶ್ನೆಗೆ ಇನ್ನೊಂದು ಉತ್ತರ ಅವರ ಬದುಕಿನಲ್ಲಿದೆ.

1792ರಲ್ಲಿ ಗುರುದೀಕ್ಷೆ ಪಡೆದ ಅವರು ಅದೇ ವರ್ಷ ಕ್ರಾಂತಿಯ ಬೆಂಕಿಯಲ್ಲಿದ್ದ ಫ್ರಾನ್ಸನ್ನು ಬಿಟ್ಟು ಭಾರತಕ್ಕೆ ಹಡಗು ಹತ್ತಿದರು. ಗುರುಗಳನ್ನು ಹುಡುಕಿ ಕೊಲ್ಲುತ್ತಿದ್ದ ಕಾಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವರು ಮೈಸೂರು ಸೀಮೆಗೆ ಬಂದಾಗ ಇಲ್ಲಿದ್ದವರು ಚದುರಿದ, ಬಲವಂತಕ್ಕೆ ಒಳಗಾಗಿದ್ದ, ಭೂಮಿ ಕಾಣಿ ಕಳೆದುಕೊಂಡ ಜನ. ತಾವೂ ಊರು ಕಳೆದುಕೊಂಡವರು, ಇವರೂ ಕಳೆದುಕೊಂಡವರು. ನಮ್ಮವರ ಉಡುಗೆ ತೊಟ್ಟರು, ನಮ್ಮವರ ಊಟ ಉಂಡರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು.

ಅವರು ಮಾಡಿದ ಕೆಲಸಗಳನ್ನು ನೋಡಿ. ನೆಲೆ ಇಲ್ಲದ ಕ್ರೈಸ್ತರಿಗೆ ಬೇಸಾಯದ ವಸತಿಗಳನ್ನು ಮಾಡಿಕೊಟ್ಟರು; ಅವುಗಳಲ್ಲಿ ಮುಖ್ಯವಾದದ್ದು ನಮ್ಮ ಹಾಸನದ ಹತ್ತಿರದ ಸಾತಳ್ಳಿ. ನೇಗಿಲು ಹಿಡಿದವನಿಗೆ ನಾಳೆ ಎಂಬುದೊಂದು ಇರುತ್ತದೆ ಎಂದು ಅವರು ಬಲ್ಲವರಾಗಿದ್ದರು. ಸಿಡುಬಿನಿಂದ ಹಳ್ಳಿಗೆ ಹಳ್ಳಿಯೇ ಬರಿದಾಗುತ್ತಿದ್ದ ಕಾಲದಲ್ಲಿ ದೇವಿ ಹಾಕಿಸುವ ಕೆಲಸಕ್ಕೆ ಇಳಿದರು. 1803-04ರಲ್ಲಿ ಕೆಲವೇ ತಿಂಗಳಲ್ಲಿ 25,000ಕ್ಕೂ ಹೆಚ್ಚು ಜನಕ್ಕೆ ದೇವಿ ಹಾಕಿಸಿದ ಲೆಕ್ಕವಿದೆ. ಜೆನ್ನರರು ಆ ವಿಧಾನ ಕಂಡುಹಿಡಿದು ಹತ್ತು ವರ್ಷವೂ ಆಗಿರಲಿಲ್ಲ. ನಡುವೆ ಇಲ್ಲಿನ ಜನರ ನಡೆ ನುಡಿ, ಆಚಾರ ವಿಚಾರಗಳ ಬಗ್ಗೆ ದೊಡ್ಡ ಗ್ರಂಥ ಬರೆದರು. ಅದು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರಲ್ಲಿ ಇಂದು ಒಪ್ಪಲಾಗದ ಮಾತುಗಳೂ ಇವೆ, ಅದು ಬೇರೆ ಸಂಗತಿ.

ಆದರೆ ಕೊನೆಗೆ ಅವರ ಮನಸ್ಸು ಕುಸಿಯಿತು. ಇಷ್ಟು ವರ್ಷದ ಧರ್ಮಪ್ರಚಾರ ಫಲ ಕೊಡಲಿಲ್ಲ, ಮುಂದೆಯೂ ಕೊಡಲಾರದು ಎಂದು ಪತ್ರಗಳಲ್ಲಿ ಬರೆದರು. 1823ರ ಜನವರಿಯಲ್ಲಿ ಭಾರತ ಬಿಟ್ಟರು. ಆ ಪತ್ರಗಳು ಅದೇ ವರ್ಷ ಲಂಡನ್ನಿನಲ್ಲಿ ಪುಸ್ತಕವಾದವು. ಮೂವತ್ತೊಂದು ವರ್ಷದ ಸೇವೆಯ ಮೇಲೆ ತಾವೇ ಸೋಲು ಎಂದು ಬರೆದುಕೊಂಡ ಹಾಗಾಯಿತು.

ಅವರ ಬದುಕು ಅಲ್ಲಿಗೇ ಮುಗಿಯಲಿಲ್ಲ. ಪ್ಯಾರಿಸಿಗೆ ಹೋದವರು ತಮ್ಮ ಸಂಸ್ಥೆಯ ಗುರುಮಠದಲ್ಲಿ ನಿರ್ದೇಶಕರಾದರು; 1836ರಿಂದ 1839ರವರೆಗೆ ಅದರ ಮುಖ್ಯಸ್ಥರೂ ಆದರು. 1848ರಲ್ಲಿ ತೀರಿಕೊಳ್ಳುವವರೆಗೆ ಸುಮಾರು ಇಪ್ಪತ್ತೈದು ವರ್ಷ, ಪೂರ್ವದೇಶಗಳಿಗೆ ಹೊರಡುವ ಯುವ ಗುರುಗಳು ತಯಾರಾಗುತ್ತಿದ್ದ ಮನೆಯೇ ಅವರ ಮನೆಯಾಗಿತ್ತು. ಸೋತೆನೆಂದು ತಿಳಿದ ಮನುಷ್ಯ ಇತರರ ತಯಾರಿಗೆ ನಿಂತರು. ಇತ್ತ ಸೋಲು ಎಂದು ಬರೆದ ಕಡೆ? ಹಾಸನದ ಸುತ್ತಲಿನ ನಮ್ಮ ಹಳೆಯ ಕ್ರೈಸ್ತ ಹಳ್ಳಿಗಳು ಉಳಿದವು, ಬೆಳೆದವು. ಅದೇ ಶತಮಾನದಲ್ಲಿ ಫ್ರೆಂಚ್ ಗುರುಗಳು ಶೆಟ್ಟಿಹಳ್ಳಿಯಲ್ಲಿ ಜಪಮಾಲೆ ಮಾತೆಯ ದೊಡ್ಡ ದೇವಾಲಯ ಕಟ್ಟಿಸಿದರು. ಗೊರೂರಿನ ಅಣೆಕಟ್ಟಿನಿಂದ ಆ ಊರು ಹೇಮಾವತಿಯ ಹಿನ್ನೀರಿಗೆ ಸಿಕ್ಕಿತು, ಜನ ಎದ್ದು ಬೇರೆ ಕಡೆ ನೆಲೆಸಿದರು. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೆ ಬರುವ ಆ ಗೋಡೆಗಳನ್ನು ನೋಡಲು ಇಂದು ಪ್ರವಾಸಿಗರು ಬರುತ್ತಾರೆ. ಅವರು ನೋಡುವುದು ಕಲ್ಲನ್ನು. ವಿಶ್ವಾಸ ಮಾತ್ರ ಜನರ ಜೊತೆ ನಡೆದು ಹೋಗಿದೆ.

ತಲೆ ಎಣಿಸಿ ಫಲ ಅಳೆಯಲು ಹೋದರೆ ದೊಡ್ಡವರಿಗೂ ಎದೆ ಒಡೆಯುತ್ತದೆ. ಜೊತೆ ನಡೆದದ್ದು ಮಾತ್ರ ನಮ್ಮದು; ಫಲ ನಮ್ಮ ಲೆಕ್ಕಕ್ಕೆ ಸೇರಿದ್ದಲ್ಲ.

ಮತ್ತೆ ಮೌನದ ಕಡೆಗೆ

ನಮ್ಮ ಕಾಲದ ಹತ್ತಿರಕ್ಕೆ ಬಂದರೆ, ಈ ಮೌನದ ದಾರಿಯನ್ನು ಭಾರತದ ಮಣ್ಣಿಗೆ ಒಗ್ಗಿಸಿದವರಿದ್ದಾರೆ. ಡಿ. ಎಸ್. ಅಮಲೋರ್ಪವದಾಸ್ ಗುರುಗಳು 1967ರಲ್ಲಿ ಬೆಂಗಳೂರಿನಲ್ಲಿ ಧರ್ಮಬೋಧನೆ ಮತ್ತು ಆರಾಧನಾವಿಧಿಗಳ ರಾಷ್ಟ್ರೀಯ ಕೇಂದ್ರವನ್ನು ಆರಂಭಿಸಿದರು. ಮುಂದೆ ಮೈಸೂರಿನಲ್ಲಿ ಅಂಜಲಿ ಆಶ್ರಮವನ್ನು ಸ್ಥಾಪಿಸಿದರು. ನೆಲದ ಮೇಲೆ ಕುಳಿತು, ದೀಪ ಹಚ್ಚಿ, ಮೌನವಾಗಿ ಶುಭಸಂದೇಶವನ್ನು ಧ್ಯಾನಿಸುವುದನ್ನು ಅನೇಕ ಗುರುಗಳೂ ಕನ್ಯಾಸ್ತ್ರೀಯರೂ ಅಲ್ಲಿ ಕಲಿತರು. ಯೇಸುಸಭೆಯ ಆಂಟನಿ ಡಿಮೆಲ್ಲೊ ಅವರು 1978ರಲ್ಲಿ ಹೊರತಂದ 'ಸಾಧನ' ಪುಸ್ತಕ ಉಸಿರಿನ ಗಮನವನ್ನು ಕ್ರೈಸ್ತ ಪ್ರಾರ್ಥನೆಗೆ ಜೋಡಿಸಿತು. ಅವರ ಕೆಲವು ಬರಹಗಳ ಬಗ್ಗೆ 1998ರಲ್ಲಿ ರೋಮಿನಿಂದ ಎಚ್ಚರಿಕೆಯ ಸೂಚನೆ ಬಂದದ್ದನ್ನೂ ಮರೆಯಬಾರದು. ಬಾಗಿಲಲ್ಲೇ ಕುಳಿತುಬಿಟ್ಟರೆ ಒಳಗಿರುವವರನ್ನು ಕಾಣದೆ ಹೋಗಬಹುದೆಂಬುದೇ ಆ ಎಚ್ಚರಿಕೆಯ ಸಾರ ಎಂದು ನಾವು ತಿಳಿಯುತ್ತೇವೆ.

ಬಳಪದ ಕಲ್ಲು

ಹಬ್ಬದ ದಿನ ಯುವಕ ಬಂದ. ಅವನನ್ನು ಕರೆದುಕೊಂಡು ನಮ್ಮ ಬೇಲೂರಿನ ಚೆನ್ನಕೇಶವ ದೇವಸ್ಥಾನದ ಕಡೆ ನಡೆದೆವು. 1117ರಲ್ಲಿ ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದ ಆ ಗುಡಿ ಬಳಪದ ಕಲ್ಲಿನದು. ಗಣಿಯಿಂದ ತೆಗೆದ ಹೊಸದರಲ್ಲಿ ಆ ಕಲ್ಲು ಮೃದು; ಕೂದಲೆಳೆಯಷ್ಟು ಸೂಕ್ಷ್ಮವಾಗಿ ಕೆತ್ತಬಹುದು. ಗಾಳಿ ಬಿಸಿಲಿಗೆ ಬಿಟ್ಟಷ್ಟೂ ಗಟ್ಟಿಯಾಗುತ್ತದೆ. ಅಲ್ಲಿನ ಶಿಲ್ಪಿಗಳಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರನ್ನು ಕಲ್ಲಿನ ಮೇಲೆ ಬಿಟ್ಟುಹೋಗಿದ್ದಾರೆ. ತಂದೆ ಉಳಿಯನ್ನು ಮಗನ ಕೈಗೆ ಕೊಟ್ಟದ್ದರಿಂದಲೇ ಮಗನ ಹೆಸರೂ ಉಳಿಯಿತು.

"ನೋಡು ಮಗ, ನಿನ್ನ ನೋವೂ ಹೀಗೆ. ಹೊಸದರಲ್ಲಿ ಮನಸ್ಸು ಮೃದುವಾಗಿರುತ್ತದೆ, ದೇವರು ಕೆತ್ತಬಹುದು. ಬಹಳ ಕಾಲ ಹಾಗೇ ಬಿಟ್ಟರೆ ಗಟ್ಟಿಯಾಗುತ್ತದೆ. ಕಷ್ಟವನ್ನು ಬಂಡವಾಳ ಮಾಡಿಕೊಂಡ ಹಾಗೆ ಆಗುತ್ತದಾ ಅಂತ ಕೇಳಿದೆ. ನಿನ್ನ ಗಾಯ ತೋರಿಸಿ ಜನರನ್ನು ನಿನ್ನ ಕಡೆ ಕರೆದರೆ ಅದು ವ್ಯಾಪಾರ. ಅವರ ಗಾಯದ ಪಕ್ಕ ಸುಮ್ಮನೆ ಕುಳಿತರೆ ಅದು ಸೇವೆ. ದುಡಿಮೆಗೆ ಕೂಲಿ ತೆಗೆದುಕೋ, ತಪ್ಪಿಲ್ಲ, ಆದರೆ ಕೊಡಲು ಇಲ್ಲದವನನ್ನು ಬಾಗಿಲಿಂದ ಕಳುಹಿಸಬೇಡ" ಎಂದೆವು.

ಅವನು ತುಸು ಹೊತ್ತು ಸುಮ್ಮನಿದ್ದು, "ಮೊದಲು ಯಾರ ಹತ್ತಿರ ಹೋಗಲಿ ಸ್ವಾಮಿ?" ಎಂದ. ತಂದೆ ಹೋದಾಗಿನಿಂದ ಅವನ ತಾಯಿಯೂ ಮನೆ ಬಿಟ್ಟು ಹೊರಬಂದಿರಲಿಲ್ಲ. ನಾವು ಏನೂ ಹೇಳಲಿಲ್ಲ. ತಕ್ಕಡಿಯ ಮುಳ್ಳಿನ ಪಾಠ ಆಗಷ್ಟೇ ಅವನಿಗೆ ಹೇಳಿದ್ದೆವಲ್ಲ! ಮುಂದಿನ ಭಾನುವಾರ ತಾಯಿ ಮಗ ಇಬ್ಬರೂ ಬಲಿಪೂಜೆಗೆ ಬಂದರು. ಸಂಜೆ ಜಪಸರವಾದ ಮೇಲೆ ಇಬ್ಬರೂ ಹತ್ತು ನಿಮಿಷ ಸುಮ್ಮನೆ ಕುಳಿತು ಪರಲೋಕ ಮಂತ್ರವನ್ನು ಉಸಿರಿಗೊಂದು ಮಾ​ತಾಗಿ ಹೇಳುತ್ತೇವೆ ಎಂದು ಆ ತಾಯಿಯೇ ನಮಗೆ ತಿಳಿಸಿದರು.

ಪ್ರಿಯ ಕುಟುಂಬದವರೇ, ಈ ಹಬ್ಬದ ರಾತ್ರಿ ನೀವೂ ಒಮ್ಮೆ ಮಾಡಿ ನೋಡಿ. ದೂರದರ್ಶನ ನಿಲ್ಲಿಸಿ, ಮೊಬೈಲನ್ನು ಪಕ್ಕಕ್ಕಿಟ್ಟು ಹತ್ತು ನಿಮಿಷ. ಇಂದು ನನಗೆ ಏನು ಸಿಕ್ಕಿತು, ಎಲ್ಲಿ ಎಡವಿದೆ, ಮನೆಯಲ್ಲಿ ಯಾರ ನೋವು ನನ್ನ ಕಣ್ಣಿಗೆ ಬೀಳಲಿಲ್ಲ? ಕೊನೆಯ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ಹಾಸಿಗೆ ಹಿಡಿದ ಸೈನಿಕನನ್ನು ಗುರುವಾಗಿಸಿದ ದೇವರು ನಮ್ಮ ಗಾಯಗಳನ್ನೂ ಇತರರಿಗೆ ದಾರಿದೀಪವಾಗಿಸಲಿ. ಸಂತ ಇಗ್ನಾಸಿಯವರೇ, ನಮಗಾಗಿ ಪ್ರಾರ್ಥಿಸಿ.

ಎಲ್ಲರಿಗೂ ಹಬ್ಬದ ಶುಭಾಶಯಗಳು.